ಉಗುಳುವುದನ್ನು ಕಲಿಸಿದ ಬೇಸಿಗೆ

ಮಧ್ಯಾಹ್ನ ಮೂರು ಗಂಟೆ ಹತ್ತು ನಿಮಿಷ. ಹರಿಹರದ ಆ ಪ್ರೌಢಶಾಲೆಯ ವಿಜ್ಞಾನದ ಕೋಣೆಯಲ್ಲಿ ಗಡಿಯಾರ ಕಪ್ಪುಹಲಗೆಯ ಮೇಲ್ಗಡೆಯೇ ಇತ್ತು. ನಾನು ಹಲಗೆಗೆ ಮುಖ ಮಾಡಿ ‘ಗಟ್ಟಿ ದ್ರಾವಣ, ತೆಳು ದ್ರಾವಣ’ ಎಂದು ಬರೆಯುತ್ತಿದ್ದೆ. ಹಾಗಾಗಿ ಆ ಹೊತ್ತು ಕಣ್ಣಿಗೆ ಅಂಟಿಕೊಂಡುಬಿಟ್ಟಿದೆ. ಬೆನ್ನ ಹಿಂದೆ ಗಾಜು ಮೇಜಿಗೆ ತಗುಲಿದ ಸದ್ದಾಯಿತು. ತಿರುಗಿ ನೋಡಿದರೆ ಲೋಕಿಕೆರೆಯ ಹುಡುಗ ಎರಡೂ ಕೈಗಳಿಂದ ಬಾಯಿ ಮುಚ್ಚಿಕೊಂಡು ಬಾಗಿಲ ಕಡೆ ಓಡುತ್ತಿದ್ದ. ಅವನು ನಿಂತಿದ್ದ ಜಾಗದ ಪಕ್ಕದಲ್ಲೇ ಕಲ್ಲಿನ ತೊಟ್ಟಿ ಇತ್ತು, ಅದರ ಮೇಲೆ ನಲ್ಲಿ ಇತ್ತು. ಅವನು ತೊಟ್ಟಿಯನ್ನು ದಾಟಿಕೊಂಡೇ ಓಡಿದ.

ಇಷ್ಟು ವರ್ಷಗಳಲ್ಲಿ ನಾನು ಆ ಓಟವನ್ನು ಎಷ್ಟು ಸಲ ನೋಡಿದ್ದೇನೋ ತಿಳಿಯದು. ಪ್ರತಿ ಸಲವೂ ಅವನು ತೊಟ್ಟಿಯ ಬಳಿ ನಿಲ್ಲುವುದಿಲ್ಲ.

ಅದು ಕಾಲೇಜಿಗೆ ಮುಂಚಿನ ತರಗತಿ. ಅರವತ್ತರ ದಶಕದ ಮೊದಲ ವರ್ಷಗಳು. ಪಿ.ಯು.ಸಿ. ಎಂಬುದು ಇನ್ನೂ ಹೊಸದು. ಹಳ್ಳಿಯ ಕಡೆ ಕನ್ನಡದಲ್ಲಿ ಎಸ್.ಎಸ್.ಎಲ್.ಸಿ. ಮುಗಿಸಿದವರು ಕಾಲೇಜಿಗೆ ಬಂದು, ಎಲ್ಲವೂ ಇಂಗ್ಲಿಷಿನಲ್ಲಿ ನಡೆಯುವುದನ್ನು ಕಂಡು, ದಸರಾ ರಜೆಗೆ ಊರಿಗೆ ಹೋದವರು ಮತ್ತೆ ಬರುತ್ತಿರಲಿಲ್ಲ. ಮನೆಯಲ್ಲಿ ಮೊದಲ ಬಾರಿಗೆ ಅಕ್ಷರ ಕಲಿತವರ ಪಾಡಂತೂ ಹೇಳುವುದೇ ಬೇಡ. ಅಂಥವರಿಗೆಂದು ದಾವಣಗೆರೆಯ ಒಂದು ದತ್ತಿ ಸಂಸ್ಥೆಯವರು ಬೇಸಿಗೆ ರಜೆಯಲ್ಲಿ ಊಟ, ವಸತಿ ಕೊಟ್ಟು ಪಾಠ ಮಾಡಿಸುತ್ತಿದ್ದರು. ಕೊನೆಯಲ್ಲಿ ಒಂದು ಪರೀಕ್ಷೆ. ಬರಹ, ಪ್ರಯೋಗ ಎರಡರಲ್ಲೂ ಪಾಸಾದವರಿಗೆ ವಿಜ್ಞಾನದ ಸೀಟು, ಡಿಗ್ರಿ ಮುಗಿಯುವ ತನಕ ವಿದ್ಯಾರ್ಥಿವೇತನ.

ಹಾಸ್ಟೆಲು ದಾವಣಗೆರೆಯಲ್ಲಿ, ಹತ್ತಿ ಗಿರಣಿಯ ಹಿಂದೆ. ಪ್ರಯೋಗಾಲಯ ಮಾತ್ರ ಅಲ್ಲಿ ಸಿಗಲಿಲ್ಲ. ಹರಿಹರದ ಪ್ರೌಢಶಾಲೆಯೊಂದು ರಜೆಯಲ್ಲಿ ತನ್ನ ಕೋಣೆ ಬಿಟ್ಟುಕೊಟ್ಟಿತ್ತು. ವಾರಕ್ಕೆ ಎರಡು ದಿನ ಬೆಳಗಿನ ಪ್ಯಾಸೆಂಜರ್ ಹಿಡಿದು ಹೋಗಿ ಸಂಜೆಯ ಗಾಡಿಗೆ ಮರಳುತ್ತಿದ್ದೆವು. ರಸಾಯನಶಾಸ್ತ್ರದ ಉಪನ್ಯಾಸಕರು ಪ್ರಯೋಗ ಹೇಳಿಕೊಡುತ್ತಿದ್ದರು. ಅವರು ಮೈಸೂರು ಕಡೆಯವರು. ಅವರು ಇಂಗ್ಲಿಷಿನಲ್ಲಿ ಹೇಳಿದ್ದನ್ನು ಹುಡುಗರಿಗೆ ಕನ್ನಡದಲ್ಲಿ ಬಿಡಿಸಿ ಹೇಳುವುದು, ಉಳಿದ ದಿನ ಇಂಗ್ಲಿಷ್ ಪಾಠ ಮಾಡುವುದು, ರಾತ್ರಿ ಹಾಸ್ಟೆಲಿನಲ್ಲಿ ಹುಡುಗರ ಜೊತೆಗೇ ಮಲಗುವುದು ನನ್ನ ಕೆಲಸ.

ಹುಡುಗರನ್ನು ಊರಿನ ಹೆಸರು ಹಿಡಿದೇ ಕರೆಯುತ್ತಿದ್ದೆವು. ಹೆಸರು ಕೇಳಿದರೆ ಜಾತಿ ಗೊತ್ತಾಗುತ್ತದೆ ಎಂದು ಉಪನ್ಯಾಸಕರು ಮಾಡಿದ ಏರ್ಪಾಟು ಅದು. ಆದರೆ ‘ನಿಮ್ಮೂರಾಗ ನಿಂದ್ಯಾವ ಕೇರಿ’ ಎಂಬ ವಿಚಾರಣೆ ಮೊದಲ ದಿನ ಊಟದ ಸಾಲಿನಲ್ಲೇ ಮುಗಿದುಹೋಗಿತ್ತು.

ಪಿಪೆಟ್ಟಿನ ಪಾಠದ ದಿನ ಆ ಜಾತಿಯ ವಿಚಾರ ಪ್ರಯೋಗದ ಕೋಣೆಯ ಒಳಕ್ಕೂ ಬಂತು. ಪಿಪೆಟ್ಟು ಎಂದರೆ ನಡುವೆ ಹೊಟ್ಟೆ ಉಬ್ಬಿದ ಗಾಜಿನ ಕೊಳವೆ. ಕೆಳಗಿನ ತುದಿ ದ್ರಾವಣದಲ್ಲಿ, ಮೇಲಿನ ತುದಿ ತುಟಿಯಲ್ಲಿ. ಹೀರಬೇಕು. ಕತ್ತಿನ ಮೇಲೊಂದು ಗೆರೆ ಇರುತ್ತದೆ. ದ್ರಾವಣ ಅದನ್ನು ತುಸು ದಾಟಿದ ಕೂಡಲೇ ಬಾಯಿ ತೆಗೆದು ತೋರುಬೆರಳಿನಿಂದ ಮುಚ್ಚಬೇಕು. ಆಮೇಲೆ ಬೆರಳು ಸಡಿಲಿಸಿ ಗೆರೆಗೆ ಸರಿಯಾಗಿ ಇಳಿಸಬೇಕು. ಆಗಿನ ಕಾಲೇಜುಗಳಲ್ಲೆಲ್ಲ ಹೀಗೆಯೇ, ಬಾಯಿಂದಲೇ. ಇಡೀ ತರಗತಿಗೆ ನಮ್ಮಲ್ಲಿ ಮೂರೇ ಪಿಪೆಟ್ಟುಗಳಿದ್ದವು.

ಆ ಹುಡುಗರು ಚೊಂಬನ್ನು ತುಟಿಗೆ ಮುಟ್ಟಿಸದೆ ಎತ್ತಿ ನೀರು ಕುಡಿದು ಬೆಳೆದವರು. ಒಬ್ಬರ ಬಾಯಿಗೆ ಹೋದದ್ದು ಇನ್ನೊಬ್ಬರ ಬಾಯಿಗೆ ಹೋಗುವುದೆಂದರೆ ಎಂಜಲು. ಮೊದಲು ಹೀರಿದವನು ಆನಗೋಡಿನವನು. ಹೊಲ, ಎತ್ತು ಇರುವ ಮನೆಯ ಹುಡುಗ, ಮಾತಿನ ಮಲ್ಲ. ಅವನ ನಂತರ ಸರದಿ ಲೋಕಿಕೆರೆಯವನದು. ಲೋಕಿಕೆರೆಯವನು ಹರಿಜನ ಕೇರಿಯಿಂದ ಬಂದವನು. ಪಿಪೆಟ್ಟನ್ನು ಕೈಯಲ್ಲಿ ಹಿಡಿದು ಸುಮ್ಮನೆ ನಿಂತ. ಆನಗೋಡಿನವನು, “ಸಾ, ಮುಂದಿನ್ ಸಲ ನಂಗೆ ಬ್ಯಾರೆ ಕೊಡ್ರಿ, ಇದ್ರಾಗೆ ಗೆರೆ ಸರಿ ಕಾಣಂಗಿಲ್ಲ” ಎಂದ. ಗೆರೆ ಚೆನ್ನಾಗಿಯೇ ಕಾಣುತ್ತಿತ್ತು.

ಮುಂದಿನ ಪ್ರಯೋಗದ ದಿನ ಲೋಕಿಕೆರೆಯವನು ಅಂಗಿಯ ಜೇಬಿನಲ್ಲಿ ಒಂದು ಹಸಿರು ಕೊಳವೆ ತಂದಿದ್ದ. ಹಾಸ್ಟೆಲಿನ ಹಿತ್ತಲಿನ ಪರಂಗಿ ಗಿಡದ ಎಲೆಯ ದಂಟು. ಒಳಗೆ ಟೊಳ್ಳು. ಬಿಸಿಲಿಗಿಟ್ಟು ಹಾಲು ಆರಿಸಿ, ಬೆರಳುದ್ದಕ್ಕೆ ಕತ್ತರಿಸಿದ್ದ. ಅದನ್ನು ಪಿಪೆಟ್ಟಿನ ಮೇಲ್ತುದಿಗೆ ಒತ್ತಿ ಕೂರಿಸಿ, ದಂಟಿಗೆ ಬಾಯಿಟ್ಟು ಹೀರಿದ. ಗಾಜಿಗೆ ತುಟಿ ತಾಗಲೇ ಇಲ್ಲ. ದಂಟನ್ನು ಸೆಳೆದು ತೆಗೆದು ಬೆರಳಿಟ್ಟ.

“ಭೇಷ್! ಇವನ ತಲೆ ನೋಡಿ!” ಎಂದರು ಉಪನ್ಯಾಸಕರು.

ಆಮೇಲೆ ಎಲ್ಲರ ಜೇಬಿನಲ್ಲೂ ಒಂದೊಂದು ದಂಟು. ಪರಂಗಿ ಗಿಡ ಬೋಳಾಯಿತು. ಯಾರೂ ಯಾವ ಮಾತನ್ನೂ ಬಾಯಿಬಿಟ್ಟು ಆಡಬೇಕಾಗದೆ ಒಂದು ತೊಡಕು ಬಗೆಹರಿಯಿತೆಂದು ನಮಗೆಲ್ಲ ನೆಮ್ಮದಿಯಾಗಿತ್ತು. ಕೆಲಸ ಸಾಗುತ್ತಿತ್ತು. ದ್ರಾವಣ ಕಣಗಲೆ ಹೂವಿನ ಬಣ್ಣಕ್ಕೆ ತಿರುಗುವ ಆ ಒಂದು ತೊಟ್ಟನ್ನು ಹುಡುಗರು ಉಸಿರು ಬಿಗಿಹಿಡಿದು ಕಾಯುತ್ತಿದ್ದರು. ಲೋಕಿಕೆರೆಯವನ ಅಳತೆ ಎಲ್ಲರಿಗಿಂತ ಸರಿಯಾಗಿರುತ್ತಿತ್ತು.

ಆ ದಿನದ ಪಾಠ ಗಟ್ಟಿ ದ್ರಾವಣದಿಂದ ತೆಳು ದ್ರಾವಣ ಮಾಡಿಕೊಳ್ಳುವುದು. ಅಲ್ಲಿಯವರೆಗೆ ಹುಡುಗರು ಮುಟ್ಟಿದ್ದು ತೆಳುವಾದ ಕಾಸ್ಟಿಕ್ ಸೋಡಾ. ಬಾಯಿಗೆ ಬಂದರೂ ನಾಲಿಗೆ ಒಗರಾಗುವಷ್ಟೇ. ಗಟ್ಟಿಯದು ಹಾಗಲ್ಲ, ಚರ್ಮವನ್ನೇ ಸುಡುತ್ತದೆ. ಉಪನ್ಯಾಸಕರು ಅದನ್ನು ಎರಡು ಸಲ ಹೇಳಿದರು, ನಾನು ಎರಡು ಸಲ ಕನ್ನಡದಲ್ಲಿ ಹೇಳಿದೆ. ಮೊದಲು ಅವರೇ ಬರಿಯ ಗಾಜಿಗೆ ತುಟಿಯಿಟ್ಟು ಹೀರಿ ತೋರಿಸಿದರು. “ಇನ್ನು ಯಾರು ಮಾಡ್ತೀರಿ?” ಎಂದಾಗ ಲೋಕಿಕೆರೆಯವನು ಮುಂದೆ ಬಂದ. ಅಭ್ಯಾಸದಂತೆ ಜೇಬಿನಿಂದ ದಂಟು ತೆಗೆದು ಸಿಕ್ಕಿಸಿದ.

ಮುಂದಿನದನ್ನು ನಾನು ಅವರಿವರು ಹೇಳಿದ್ದರಿಂದ ಜೋಡಿಸಿಕೊಂಡಿದ್ದೇನೆ. ಬಾಟಲಿಯಲ್ಲಿ ದ್ರಾವಣ ತಳಕ್ಕೆ ಬಂದಿತ್ತು. ಹೀರಿದಂತೆ ಮಟ್ಟ ಇಳಿದು ಪಿಪೆಟ್ಟಿನ ತುದಿ ಹೊರಗಾಯಿತು. ಗಾಳಿ ನುಗ್ಗಿತು. ಕೊಳವೆಯಲ್ಲಿದ್ದದ್ದು ಒಂದೇ ಸಲಕ್ಕೆ ಮೇಲೆ ಹಾರಿತು. ಬರಿಯ ಗಾಜಾಗಿದ್ದರೆ ಏರುವುದು ಕಂಡು ಬಾಯಿ ತೆಗೆಯಲು ಅರೆಗಳಿಗೆಯಾದರೂ ಸಿಗುತ್ತಿತ್ತು. ಹಸಿರು ದಂಟಿನೊಳಗೆ ಏರಿದ್ದು ಯಾರಿಗೂ ಕಾಣಲಿಲ್ಲ.

ಬಾಯಿ ತುಂಬ ಅದನ್ನು ಇಟ್ಟುಕೊಂಡು ಅವನು ಬಾಗಿಲು ದಾಟಿದ, ಪಡಸಾಲೆ ದಾಟಿದ, ಅಂಗಳ ದಾಟಿದ. ಕಾಂಪೌಂಡಿನ ಆಚೆ ಬೇವಿನ ಮರದ ಬುಡ ತಲುಪುವ ಮುಂಚೆ ಕೆಮ್ಮು ಬಂತು. ಕೆಮ್ಮಿದಾಗ ಒಂದಿಷ್ಟು ಒಳಗೆ ಇಳಿಯಿತು. ನಾವು ಹಿಂದೆಯೇ ಓಡಿ ಮುಟ್ಟುವಷ್ಟರಲ್ಲಿ ಅವನು ಮಣ್ಣಿಗೆ ಬಗ್ಗಿ ಉಗುಳುತ್ತಿದ್ದ. ತುಟಿ ಬೆಳ್ಳಗೆ ಬೆಂದಂತಾಗಿತ್ತು.

ಉಪನ್ಯಾಸಕರು ಅವನನ್ನು ಅನಾಮತ್ತು ಎತ್ತಿ ತಂದು ನಲ್ಲಿಯ ಕೆಳಗೆ ಬಾಯಿ ಹಿಡಿಸಿದರು. “ತೊಳೆಯಿರಿ, ಉಗುಳಿಸಿ, ಮತ್ತೆ ತೊಳೆಯಿರಿ” ಎನ್ನುತ್ತಿದ್ದರು. ಅಷ್ಟರಲ್ಲಿ ಶಾಲೆಯ ಜವಾನ ಲೋಟದಲ್ಲಿ ಹುಣಸೆಹುಳಿ, ಉಪ್ಪು ಕಲಸಿ ತಂದ. ವಿಷ ಕುಡಿದವರಿಗೆ ಹಳ್ಳಿಯಲ್ಲಿ ಮಾಡುವ ಮೊದಲ ಉಪಚಾರ ಅದು. ಕುಡಿಸಿ ಕಕ್ಕಿಸುವುದು.

“ತಗಳ್ರಿ, ಬಾಯಿ ಅಗಲಿಸ್ರಿ, ಎಲ್ಲಾ ವಾಂತಿ ಆಗಿ ಹೋಗ್ಲಿ” ಎಂದು ಜವಾನ ಲೋಟ ಮುಂದೆ ಮಾಡಿದ. ಹುಡುಗರೂ “ಹೌದು ಸಾ, ಕಕ್ಕಿಸ್ರಿ” ಎಂದರು. ನಾನೂ ಹುಡುಗನ ತಲೆ ಹಿಡಿದಿದ್ದೆ.

ಉಪನ್ಯಾಸಕರು ಜವಾನನ ಮಣಿಕಟ್ಟು ಹಿಡಿದರು. “ಬೇಡ. ಇಳಿಯುವಾಗ ಸುಟ್ಟದ್ದು ಹತ್ತುವಾಗಲೂ ಸುಡುತ್ತೆ. ಹಾಲು ತನ್ನಿ, ಹಾಲು.”

“ಏನ್ ಮಾತಾಡ್ತೀರಿ ಸ್ವಾಮಿ, ಒಳಗ ವಿಷ ಇಟ್ಕಂಡು ಹಾಲ್ ಕುಡಿಸ್ತಾರೇನ್ರಿ?”

“ನಾನು ಹೊಣೆ. ಹಾಲು ತನ್ನಿ.”

ಅವರ ದನಿ ಏರಲಿಲ್ಲ. ಪಕ್ಕದ ಮನೆಯಿಂದ ಹಾಲು ಬಂತು. ಹುಡುಗ ಗುಟುಕು ಗುಟುಕಾಗಿ ನುಂಗಿದ. ಪ್ರತಿ ಗುಟುಕಿಗೂ ಅವನ ಕಾಲ್ಬೆರಳುಗಳು ಮಡಚಿಕೊಳ್ಳುತ್ತಿದ್ದವು.

ಸಂಜೆಯ ಗಾಡಿಗೆ ಇನ್ನೂ ಬಹಳ ಹೊತ್ತಿತ್ತು. ದೊಡ್ಡಾಸ್ಪತ್ರೆ ದಾವಣಗೆರೆಯಲ್ಲಿ. ರಸ್ತೆಗೆ ಓಡಿ ಹೋಗಿ, ಹತ್ತಿ ಅಂಡಿಗೆ ತುಂಬಿಕೊಂಡು ಗಿರಣಿಗೆ ಹೊರಟಿದ್ದ ಲಾರಿಯೊಂದನ್ನು ನಿಲ್ಲಿಸಿದೆ. ಡ್ರೈವರ್ ಏನೂ ಕೇಳದೆ ಮುಂದಿನ ಬಾಗಿಲು ತೆಗೆದ. ಉಪನ್ಯಾಸಕರು, ನಾನು, ನಡುವೆ ಹುಡುಗ. ಅವನಿಗೆ ಹಿಂದಕ್ಕೆ ಒರಗಲು ಆಗುತ್ತಿರಲಿಲ್ಲ. ಮುಂದಕ್ಕೆ ಬಗ್ಗಿ ಕೂತಿದ್ದ. ಜೊಲ್ಲು ನುಂಗಲೂ ಆಗದೆ, ಸುರಿಸಲೂ ನಾಚಿ, ಬಾಯಿ ಬಿಗಿಹಿಡಿದಿದ್ದ. ನಾನು ನನ್ನ ಟವೆಲನ್ನು ಅವನ ಗಲ್ಲದ ಕೆಳಗೆ ಹಿಡಿದು “ಉಗುಳು” ಎಂದೆ. ಅವನು ತಲೆಯಾಡಿಸಿದ. “ಉಗುಳೋ ಮಾರಾಯ” ಎಂದು ಗದರಿಸಿದ ಮೇಲೆ ಸ್ವಲ್ಪ ಬಿಟ್ಟ. ಟವೆಲಿನಲ್ಲಿ ರಕ್ತದ ಎಳೆ ಇತ್ತು.

ಆಸ್ಪತ್ರೆಯ ಸರ್ಜನ್ ಬಾಯಿಗೆ ಬ್ಯಾಟರಿ ಬಿಟ್ಟು ನೋಡಿ ಕೇಳಿದ ಮೊದಲ ಪ್ರಶ್ನೆ, “ವಾಂತಿ ಮಾಡ್ಸಿದ್ರಾ?”

“ಇಲ್ಲ” ಎಂದರು ಉಪನ್ಯಾಸಕರು.

“ಪುಣ್ಯ ಮಾಡಿದ್ರಿ.”

ಆ ರಾತ್ರಿ ಉಸಿರಾಟದ ಅಪಾಯ ಕಳೆಯಿತು. ಬೆಳಿಗ್ಗೆ ಸರ್ಜನ್ ನಮ್ಮನ್ನು ಪಡಸಾಲೆಗೆ ಕರೆದು ಹೇಳಿದರು: “ಜೀವಕ್ಕೆ ಸದ್ಯ ಭಯ ಇಲ್ರಿ. ಆದ್ರೆ ಅನ್ನನಾಳ ಒಳಗಿಂದ ಸುಟ್ಟೈತೆ. ಈ ಗಾಯ ಮಾಯುವಾಗ ಬಿಗೀತದೆ. ಈಗ ಹಾಲು ಇಳೀತದೆ, ಗಂಜಿ ಇಳೀತದೆ, ಅದನ್ನ ನೋಡಿ ವಾಸಿ ಆತು ಅನ್ಕಬ್ಯಾಡ್ರಿ. ವಾರಗಟ್ಲೆ ಆದ ಮೇಲೆ ನಾಳ ದಾರದಂಗೆ ಸಣ್ಣ ಆಗಿ ನೀರೂ ಇಳೀದಂಗೆ ಆದವ್ರನ್ನ ನೋಡೀನಿ.”

“ಗೊತ್ತಾಗೋದು ಹೇಗೆ?”

“ಒಣ ಜೋಳದ ರೊಟ್ಟಿ ನೀರಿಲ್ದೆ ಇಳೀಬೇಕು. ಆವತ್ತು ನನ್ ಹತ್ರ ಬಂದು ಹೇಳ್ರಿ. ಅಲ್ಲೀತನ ಕಾಯೋದೇ.”

ಹುಡುಗನ ತಾಯಿ ಮಧ್ಯಾಹ್ನ ಲೋಕಿಕೆರೆಯಿಂದ ನಡೆದುಕೊಂಡೇ ಬಂದರು. ಮಗನ ತುಟಿ ನೋಡಿ ಅಳಲಿಲ್ಲ. ಮಂಚದ ಪಕ್ಕ ನೆಲದ ಮೇಲೆ ಕೂತು, ಸೆರಗಿನಿಂದ ಅವನ ಪಾದ ಒರೆಸಿದರು. ಆಮೇಲೆ ನಮ್ಮ ಕಡೆ ತಿರುಗಿದರು.

“ನನ್ ಮಗ ಏನ್ ಕುಡದಾನ್ರಿ?”

“ಬಟ್ಟೆ ಒಗೆಯೋ ಸವಳಿನಂಥದ್ದಮ್ಮ. ಅದಕ್ಕಿಂತ ಬಹಳ ಖಾರ” ಎಂದೆ.

“ಅದನ್ನ ಬಾಯಾಗ ಯಾಕ ಹಾಕ್ಕಂಡ?”

“ಅಳತೆ ಮಾಡೋಕೆ.”

ಆಕೆ ನನ್ನನ್ನೇ ನೋಡಿದರು. “ಅಷ್ಟು ದೊಡ್ಡ ಕಾಲೇಜಿನ್ಯಾಗ ಅಳ್ಯಾಕ ಒಂದು ಪಾವು, ಒಂದು ಸೇರು ಇಲ್ಲೇನ್ರಿ?”



ದತ್ತಿ ಸಂಸ್ಥೆಯ ಕಾರ್ಯದರ್ಶಿಗಳೂ ಬಂದರು. ಒಳ್ಳೆಯ ಮನುಷ್ಯ. ಮೂಸಂಬಿ ತಂದಿದ್ದರು. ಅದನ್ನು ತಿನ್ನುವ ಸ್ಥಿತಿಯಲ್ಲಿ ಹುಡುಗ ಇಲ್ಲವೆಂದು ತಿಳಿದು ಮುಜುಗರಪಟ್ಟರು. “ನೋಡಪ್ಪಾ, ನಿನ್ನ ವಿದ್ಯಾರ್ಥಿವೇತನ ಎಲ್ಲೂ ಹೋಗಂಗಿಲ್ಲ. ಆರ್ಟ್ಸಿಗೆ ಹಾಕಿಬಿಡ್ತೀವಿ. ಅಲ್ಲಿ ಈ ಕುಡಿಯೋದು, ಹೀರೋದು ಏನೂ ಇಲ್ಲ. ಪ್ರಯೋಗದ ಪರೀಕ್ಷೆಯೂ ಬ್ಯಾಡ” ಎಂದರು. ಹುಡುಗನಿಗೆ ಮಾತು ಹೊರಡುತ್ತಿರಲಿಲ್ಲ. ಅವನು ಬಲಗೈ ಎತ್ತಿ, ಗಾಳಿಯಲ್ಲಿ ಏನನ್ನೋ ನೆಟ್ಟಗೆ ಹಿಡಿದಂತೆ ಹಿಡಿದು, ತೋರುಬೆರಳನ್ನು ಅದರ ಮೇಲಿಟ್ಟು ಒತ್ತಿದ. ಕಾರ್ಯದರ್ಶಿಗಳಿಗೆ ಅರ್ಥವಾಗಲಿಲ್ಲ. ನಮಗೆ ಆಯಿತು.

ತಾಯಿಗೂ ಆಯಿತೆಂದು ಕಾಣುತ್ತದೆ. “ಓದು ಬ್ಯಾಡ ಮಗಾ” ಎಂದರು. “ಉಣ್ಣಾಕ ಬಾಯಿ ಉಳಿದ್ರೆ ಸಾಕು.” ಅವನು ಕೈ ಇಳಿಸಲಿಲ್ಲ. ಕೊನೆಗೆ ಆಕೆ ಸರ್ಜನ್ ಹೇಳಿದ್ದನ್ನೇ ಹಿಡಿದು ತೀರ್ಮಾನ ಮಾಡಿದರು. “ರೊಟ್ಟಿ ಉಂಡ್ರೆ ಓದು. ಇಲ್ಲಾಂದ್ರೆ ಮನಿಗೆ. ರೊಟ್ಟಿ ನಾನೇ ತರ್ತೀನಿ, ನನ್ ಎದ್ರಿಗೇ ಉಣ್ಣಬೇಕು.”

ಆಮೇಲಿನ ದಿನಗಳಲ್ಲಿ ಹರಿಹರದ ಕೋಣೆಗೆ ಬೀಗ ಬಿದ್ದಿತ್ತು. ಇಬ್ಬರು ಹುಡುಗರನ್ನು ಮನೆಯವರು ಬಂದು ಕರೆದೊಯ್ದರು. ನಾನು ದಿನವೂ ಆಸ್ಪತ್ರೆಗೆ ಹೋಗುತ್ತಿದ್ದೆ. ಅವನಿಗೆ ಪಿಸುದನಿ ಮರಳಿದ ದಿನ, ಮನಸ್ಸಿನಲ್ಲಿ ಕೊರೆಯುತ್ತಿದ್ದುದನ್ನು ಕೇಳಿಯೇಬಿಟ್ಟೆ.

“ತೊಟ್ಟಿ ಅಲ್ಲೇ ಪಕ್ಕದಾಗೆ ಇತ್ತಲ್ಲೋ. ಅದ್ರಾಗೇ ಉಗುಳಬಾರದಿತ್ತಾ?”

ಅವನು ನನ್ನನ್ನು, ಇಷ್ಟೂ ತಿಳಿಯದೇ ಎಂಬಂತೆ ನೋಡಿದ.

“ಸಾಲಿ ಒಳಗ ಹೆಂಗ್ ಉಗುಳಾದು ಸಾ? ನೀವೆಲ್ಲಾ ನಿಂತಿದ್ರಿ. ಅದು ಎಲ್ರೂ ಕೈ ತೊಳ್ಯಾ ತೊಟ್ಟಿ. ನಾನು ಉಗುಳಿದ್ರ...” ವಾಕ್ಯ ಮುಗಿಸಲಿಲ್ಲ. ಗಂಟಲಿಗೆ ಆಗಲಿಲ್ಲವೋ, ಮುಗಿಸುವುದು ಬೇಡವೆನಿಸಿತೋ.

ಅದನ್ನು ಉಪನ್ಯಾಸಕರಿಗೆ ಹೇಳಿದಾಗ ನಾವು ಆಸ್ಪತ್ರೆಯಿಂದ ಹಾಸ್ಟೆಲಿಗೆ ನಡೆದು ಬರುತ್ತಿದ್ದೆವು. ಮಂಡಕ್ಕಿ ಭಟ್ಟಿಗಳ ಹೊಗೆ ರಸ್ತೆಗೆ ಇಳಿದಿತ್ತು.

“ಹೀರೋದು ಕಲಿಸಿದ್ವಿ” ಎಂದರು ಉಪನ್ಯಾಸಕರು. “ಉಗುಳೋದು ಕಲಿಸಲಿಲ್ಲ.”

“ಉಗುಳೋದನ್ನ ಯಾರು ಕಲಿಸ್ತಾರೆ ಸಾರ್?”

“ನಾವು ಕಲಿಸೋಣ. ತರಗತಿ ನಿಲ್ಲಿಸೋದು ಬೇಡ. ನಿಲ್ಲಿಸಿದರೆ ಈ ಹುಡುಗರು ಕಾಲೇಜಿನಲ್ಲಿ ಇದೇ ದಂಟು ಜೇಬಿನಲ್ಲಿಟ್ಟುಕೊಂಡು ಇದನ್ನೇ ಮಾಡ್ತಾರೆ. ಅಲ್ಲಿ ಹಾಲು ತರಿಸೋಕೆ ನಾವಿರೋದಿಲ್ಲ.”

ಎರಡು ಬದಲಾವಣೆ ಮಾಡಿದರು. ಗಟ್ಟಿ ದ್ರಾವಣವನ್ನು ಇನ್ನು ಯಾರೂ ಬಾಯಿಂದ ಎಳೆಯುವಂತಿಲ್ಲ. ಅದಕ್ಕೆ ರಬ್ಬರ್ ಬುರುಡೆ ಬೇಕು. ನಾನು ಸೈಕಲ್ ಅಂಗಡಿಗೆ ಹೋಗಿ ಹಾರ್ನಿನ ರಬ್ಬರ್ ಕೇಳಿದೆ. ಅಂಗಡಿಯ ಸಾಹೇಬರು ಹಿತ್ತಾಳೆಯ ಕಹಳೆಯನ್ನೂ ಮುಂದಿಟ್ಟರು.

“ಅದು ಬ್ಯಾಡ, ಬರೀ ರಬ್ಬರ್ ಕೊಡ್ರಿ.”

“ಬರೀ ರಬ್ಬರ್ ಒತ್ತಿದ್ರೆ ಪೊಂ ಅನ್ನಲ್ಲ ಮಾಸ್ತರ್, ಬುಸ್ ಅಂತದೆ ಅಷ್ಟೇ.”

“ಬುಸ್ ಅಂದ್ರೆ ಸಾಕು.”

“ಅಚ್ಛಾ. ಓದಿದವ್ರ ಸೈಕಲ್ಲು ಬುಸ್ ಅಂತಾವ, ಇವತ್ತು ತಿಳೀತು” ಎಂದು ಕಾಗದದಲ್ಲಿ ಸುತ್ತಿ ಕೊಟ್ಟರು. ಅದರ ಬಾಯಿಗೆ ಗಾಜಿನ ನಳಿಕೆ ಸೇರಿಸಿ, ತುಂಡು ರಬ್ಬರ್ ಕೊಳವೆಯಿಂದ ಪಿಪೆಟ್ಟಿಗೆ ಜೋಡಿಸಿದೆವು. ಬುರುಡೆ ಒತ್ತಿ ಬಿಟ್ಟರೆ ದ್ರಾವಣ ನಿಧಾನವಾಗಿ ಏರುತ್ತಿತ್ತು.

ಎರಡನೆಯ ಬದಲಾವಣೆ ಕಷ್ಟದ್ದು. ತೆಳು ದ್ರಾವಣಕ್ಕೆ ಬಾಯಿಯೇ, ಗಾಜಿಗೆ ತುಟಿಯೇ. ಕಾಲೇಜಿನಲ್ಲಿ ಇರುವುದು ಅದೇ. ದಂಟುಗಳನ್ನೆಲ್ಲ ಜೇಬಿನಿಂದ ತೆಗೆಸಿದರು. ಕೋಣೆ ತೆರೆದ ಮೊದಲ ದಿನ ಯಾವ ದ್ರಾವಣವನ್ನೂ ಮೇಜಿನ ಮೇಲಿಡಲಿಲ್ಲ. ಕೊಡದಲ್ಲಿ ಕುಡಿಯುವ ನೀರು, ಕುದಿಸಿ ಇಟ್ಟ ಮೂರು ಪಿಪೆಟ್ಟುಗಳು.

“ಇವತ್ತಿನ ಪಾಠ ತಪ್ಪು ಮಾಡೋದು” ಎಂದರು. “ಗೆರೆ ದಾಟಿ ಹೀರಿ. ಬಾಯಿಗೆ ಬರಬೇಕು. ಬಂದ ಕೂಡಲೇ ಈ ತೊಟ್ಟಿಗೆ ಉಗುಳಬೇಕು. ಬಾಗಿಲ ಕಡೆ ನೋಡಿದವನು ಮತ್ತೆ ಮೊದಲಿನಿಂದ.”

ಹುಡುಗರು ಒಬ್ಬರನ್ನೊಬ್ಬರು ನೋಡಿಕೊಂಡರು. ಉಪನ್ಯಾಸಕರೇ ಮೊದಲು ಹೀರಿ, ಕೆನ್ನೆ ಉಬ್ಬಿಸಿ, ಪಿಚಕ್ಕನೆ ತೊಟ್ಟಿಗೆ ಉಗುಳಿದರು. ಇಸ್ತ್ರಿ ಮಾಡಿದ ಕೋಟು ಹಾಕಿಕೊಂಡವರು ಹಾಗೆ ಉಗುಳಿದ್ದನ್ನು ನಾನಂತೂ ನೋಡಿರಲಿಲ್ಲ. ನಂತರ ನಾನು. ನೀರು ಬಾಯಿಗೆ ಬಂತು. ತೊಟ್ಟಿಯ ಮುಂದೆ ಬಗ್ಗಿದೆ. ಎಲ್ಲರೂ ನೋಡುತ್ತಿದ್ದರು. ನನಗೂ ಬಾಯಿ ತೆರೆಯಲು ಬರಲಿಲ್ಲ. ನುಂಗಿಬಿಟ್ಟೆ.

“ಸತ್ತಿರಿ ನೀವು” ಎಂದರು ಉಪನ್ಯಾಸಕರು, ಶಾಂತವಾಗಿ. “ಇನ್ನೊಮ್ಮೆ.”

ಹುಡುಗರು ನಕ್ಕರು. ಆ ಅಪಘಾತದ ನಂತರ ಅವರು ನಕ್ಕಿದ್ದು ಅದೇ ಮೊದಲು. ಎರಡನೆಯ ಸಲ ನಾನು ಉಗುಳಿದೆ.

ಸಾಲಿನಲ್ಲಿ ಅರ್ಧಕ್ಕರ್ಧ ಹುಡುಗರು ಮೊದಲ ಸಲ ನುಂಗಿದರು. ಒಬ್ಬ ಕೈಯಡ್ಡ ಹಿಡಿದು ಬೊಗಸೆಗೆ ಉಗುಳಿಕೊಂಡ. ಇನ್ನೊಬ್ಬ ಬಾಗಿಲ ಕಡೆ ಎರಡು ಹೆಜ್ಜೆ ಹಾಕಿ ತಿರುಗಿ ಬಂದ. ಕಡರನಾಯಕನಹಳ್ಳಿಯವನು ಮಾತ್ರ ಮೊದಲ ಸಲಕ್ಕೇ ತೊಟ್ಟಿಯ ಆಚೆ ಗೋಡೆಗೆ ತಾಗುವಂತೆ ಚಿಮ್ಮಿಸಿದ. “ಹೊಳಿ ದಂಡ್ಯಾಗ ಬೆಳದೀವಿ ಸಾ, ಈಜಾಡುವಾಗ ಉಗುಳಲಿಲ್ಲಂದ್ರ ಮುಳುಗಿ ಹೋಗ್ತೀವಿ” ಎಂದು ವಿವರಣೆ ಕೊಟ್ಟ. ಆನಗೋಡಿನವನ ಸರದಿ ಬಂದಾಗ ಅವನು ಪಿಪೆಟ್ಟನ್ನು ನೀರಿನಲ್ಲಿ ತೊಳೆದ, ಮತ್ತೆ ತೊಳೆದ, ಮತ್ತೊಮ್ಮೆ ತೊಳೆದ.

“ತೊಳ್ದು ತೊಳ್ದು ಗೆರೆ ಅಳಿಸಿ ಹೋಗ್ತದಲೇ” ಎಂದ ಕಡರನಾಯಕನಹಳ್ಳಿ. ಆನಗೋಡು ಕಣ್ಣು ಮುಚ್ಚಿಕೊಂಡು ಹೀರಿದ.

ಲೋಕಿಕೆರೆಯವನು ಹಾಸ್ಟೆಲಿಗೆ ಮರಳಿದ ಮೇಲೆ ಅವನ ಹಾಸಿಗೆ ನನ್ನ ಹಾಸಿಗೆಯ ಪಕ್ಕಕ್ಕೆ ಬಂತು. ಹಾಲು, ಗಂಜಿ, ಆಮೇಲೆ ಕಲಸಿದ ಅನ್ನ. ಗಿರಣಿಯಲ್ಲಿ ಪಾಳಿ ಬದಲಾಗುವಾಗ ಸೈರನ್ನಿನ ಒಂದು ಕೂಗು ಇತ್ತು. ಊರಿನವರು ಅದನ್ನು ನಿದ್ದೆಯಲ್ಲೇ ದಾಟುತ್ತಿದ್ದರು. ನನಗೆ ಆ ವಾರಗಳಲ್ಲಿ ಒಂದು ಕೂಗೂ ತಪ್ಪಲಿಲ್ಲ. ಕೂಗು ನಿಂತ ಮೇಲೆ ಅವನು ಎಂಜಲು ನುಂಗುವ ಸದ್ದಿಗೆ ಕಿವಿಗೊಟ್ಟು ಮಲಗಿರುತ್ತಿದ್ದೆ. ನುಂಗುವುದು ನಿನ್ನೆಗಿಂತ ತಡವಾಯಿತೇ, ಕಷ್ಟವಾಯಿತೇ? ಅವನೂ ಎಚ್ಚರವಾಗಿಯೇ ಇರುತ್ತಿದ್ದ. ನನಗೆ ಕೇಳಿಸಲೆಂದೇ ಜೋರಾಗಿ ನುಂಗುತ್ತಿದ್ದನೆಂದು ಈಗ ಅನಿಸುತ್ತದೆ.

ಹರಿಹರಕ್ಕೆ ಅವನು ಮರಳಿ ಬಂದ ದಿನ ಯಾರೂ ಹೇಳುವ ಮೊದಲೇ ಅವನು ಪಿಪೆಟ್ಟು ಎತ್ತಿಕೊಂಡು, ನೀರು ಹೀರಿ, ತೊಟ್ಟಿಯ ಮುಂದೆ ನಿಂತ. ನಿಂತೇ ಇದ್ದ. ಕೆನ್ನೆ ಉಬ್ಬಿತ್ತು.

“ಉಗುಳಲೇ” ಎಂದ ಕಡರನಾಯಕನಹಳ್ಳಿ. “ನಾವೆಲ್ಲಾ ಉಗುಳೀವಿ, ನಿನ್ ಪಾಲಿಂದು ಬಾಕಿ ಐತೆ.”

ಅವನು ಉಗುಳಿದ. ಸದ್ದೇ ಆಗದಂತೆ, ಮೆಲ್ಲಗೆ. ಆಮೇಲೆ ನಲ್ಲಿ ತಿರುಗಿಸಿ ತೊಟ್ಟಿಯನ್ನು ತೊಳೆಯಲು ಹೋದ. ಉಪನ್ಯಾಸಕರು ಅವನ ಭುಜ ಮುಟ್ಟಿ, “ಬಿಡು. ಯಾರೂ ತೊಳೆದಿಲ್ಲ” ಎಂದರು.

ಪರೀಕ್ಷೆಗೆ ಬೇರೆ ಊರಿನ ಕಾಲೇಜಿನಿಂದ ಪರೀಕ್ಷಕರು ಬಂದರು. ಅವರು ತಂದವೂ ಸೇರಿ ಇಬ್ಬಿಬ್ಬರಿಗೆ ಒಂದು ಪಿಪೆಟ್ಟು. ಲೋಕಿಕೆರೆ, ಆನಗೋಡು ಒಂದೇ ಮೇಜು. ಮೊದಲು ಅಳೆಯುವ ಸರದಿ ಲೋಕಿಕೆರೆಯದು. ಅವನು ಗಾಜಿಗೆ ತುಟಿಯಿಟ್ಟು ನಿಧಾನವಾಗಿ, ಬಹಳ ನಿಧಾನವಾಗಿ ಹೀರುತ್ತಿದ್ದ. ಮೂರು ಸಲ ಅಳೆದು ಮುಗಿಸುವ ಹೊತ್ತಿಗೆ ಉಳಿದ ಮೇಜುಗಳಲ್ಲಿ ಎರಡನೆಯವರ ಕೆಲಸ ಅರ್ಧ ಆಗಿತ್ತು. ಪರೀಕ್ಷಕರು ಗಡಿಯಾರ ನೋಡಿದರು. ಲೋಕಿಕೆರೆಯವನು ಪಿಪೆಟ್ಟಿನ ಮೇಲ್ತುದಿಯನ್ನು ಅಂಗಿಯ ಚುಂಗಿನಿಂದ ಒರೆಸತೊಡಗಿದ. ಒರೆಸಿದ, ನೀರಿನಲ್ಲಿ ಅದ್ದಿದ, ಮತ್ತೆ ಒರೆಸಿದ.

ಆನಗೋಡಿನವನು ಒಂದು ಕಾಲಿನಿಂದ ಇನ್ನೊಂದಕ್ಕೆ ಭಾರ ಬದಲಿಸುತ್ತ ನಿಂತಿದ್ದ. “ಏನ್ ಮದಿವಿ ತಾಟು ಒರೆಸಿದಂಗ್ ಒರಸ್ತೀಯಲೇ, ಟೈಮ್ ಹೊಂಟೈತೆ, ತಾ ಇತ್ಲಾಗೆ” ಎಂದು ಕಸಿದುಕೊಂಡವನೇ ಬಾಯಿಗಿಟ್ಟು ಹೀರಿಬಿಟ್ಟ. ಗೆರೆಗೆ ಇಳಿಸಿದ ಮೇಲೆ, ಏನು ಮಾಡಿದೆನೆಂದು ಅವನಿಗೆ ಹೊಳೆದಿರಬೇಕು. ಒಂದು ಕ್ಷಣ ತಡೆದ. ಆಮೇಲೆ ದ್ರಾವಣವನ್ನು ಫ್ಲಾಸ್ಕಿಗೆ ಬಿಟ್ಟು ಮುಂದಿನ ಅಳತೆಗೆ ಬಗ್ಗಿದ.

ಸಂಜೆ ಗಾಡಿಯಲ್ಲಿ ಉಳಿದವರು ಅವನನ್ನು ಬಿಡಲಿಲ್ಲ. “ಮನ್ಯಾಗೆ ಹೇಳ್ತೀಯೇನಲೇ?” ಎಂದು ಯಾರೋ ಕೆಣಕಿದರು.

“ಹೇಳ್ತೀನಿ, ಪಾಸಾದ್ರೆ. ಫೇಲಾದ್ರೆ ಎರಡಕ್ಕೂ ಬೈಸ್ಕಬೇಕಾಗ್ತದೆ” ಎಂದ ಆನಗೋಡು.

ಲೋಕಿಕೆರೆಯವನು ಕಿಟಕಿಯ ಹೊರಗೆ ನೋಡುತ್ತ ಕೂತಿದ್ದ. ಅವನ ಅಳತೆ ಸರಿಯಾಗಿದೆಯೆಂದು ಉಪನ್ಯಾಸಕರು ನನಗೆ ಆಗಲೇ ಹೇಳಿದ್ದರು. ಆದರೆ ಅವನ ನಿಜವಾದ ಪರೀಕ್ಷೆ ಇನ್ನೂ ಬಾಕಿಯಿತ್ತು. ಆ ದಿನವೂ ಅವನು ಬುತ್ತಿಯ ರೊಟ್ಟಿಯನ್ನು ಹಾಲಿನಲ್ಲಿ ನೆನೆಸಿಯೇ ತಿಂದಿದ್ದ.

ಲೋಕಿಕೆರೆಯವನು ಪಾಸಾದ ಫಲಿತಾಂಶ ಹೇಳಿದ ಮರುದಿನ ಅವನ ತಾಯಿ ಬಂದರು. ಹಾಸ್ಟೆಲಿನ ಜಗಲಿಯ ಮೇಲೆ ಕೂತು ಬಟ್ಟೆಯ ಗಂಟು ಬಿಚ್ಚಿದರು. ಹಿಂದಿನ ದಿನ ಸುಟ್ಟು ಒಣಗಿಸಿದ ಜೋಳದ ರೊಟ್ಟಿ, ಗುರೆಳ್ಳು ಪುಡಿ. ಒಂದು ರೊಟ್ಟಿಯನ್ನು ಮುರಿದರು. ಹಪ್ಪಳ ಮುರಿದಂತೆ ಸದ್ದಾಯಿತು. ಉಪನ್ಯಾಸಕರೂ ಬಂದು ಕಂಬಕ್ಕೆ ಒರಗಿ ನಿಂತಿದ್ದರು. ಹುಡುಗರು ಬಾಗಿಲಲ್ಲಿ ಗುಂಪುಗೂಡಿದರು.

ಅವನು ಒಂದು ಚೂರು ಬಾಯಿಗಿಟ್ಟು ಅಗಿದ. ಅಗಿಯುತ್ತಲೇ ಇದ್ದ. ನನ್ನ ಕಣ್ಣು ಅವನ ಗಂಟಲ ಮೇಲೆ ನೆಟ್ಟಿತ್ತು.

“ಹಂಗ್ ನೋಡ್ಬ್ಯಾಡ್ರಿ ಸಾ” ಎಂದ, ತುಂಬಿದ ಬಾಯಲ್ಲೇ. “ನೀವು ನೋಡಿದ್ರ ಇಳಿಯಂಗಿಲ್ಲ.”

ನಾನು ಬೀದಿಯ ಕಡೆ ತಿರುಗಿದೆ. ಸದ್ದಿನಿಂದಲೇ ತಿಳಿಯಬೇಕಾಗಿತ್ತು. ಆ ವಾರಗಳಲ್ಲಿ ನನಗೆ ಚೆನ್ನಾಗಿ ಪರಿಚಯವಾಗಿದ್ದ ಸದ್ದು ಅದು. ಬಂತು.

“ಇನ್ನೊಂದು ತುತ್ತು” ಎಂದರು ತಾಯಿ.

ಎರಡನೆಯದೂ ಇಳಿಯಿತು. ಮೂರನೆಯದಕ್ಕೆ ಅವನು ಸ್ವಲ್ಪ ತಡೆದ. ಆಕೆಯ ಕೈ ಚೊಂಬಿನ ಕಡೆ ಹೋಯಿತು. ಅವನು ಬೇಡವೆಂದು ತಲೆಯಾಡಿಸಿ ನುಂಗಿದ. ರೊಟ್ಟಿ ಮುಗಿದ ಮೇಲೆ ಆಕೆ ಬಟ್ಟೆಯಲ್ಲಿ ಉದುರಿದ್ದ ಚೂರುಗಳನ್ನು ಅಂಗೈಗೆ ಸುರಿದುಕೊಂಡು ತಾವೇ ಬಾಯಿಗೆ ಹಾಕಿಕೊಂಡರು.

“ಓದ್ಲಿ ಬಿಡ್ರಿ” ಎಂದರು. “ಆದ್ರ ಆ ಕಾಲೇಜಿಗೆ ಒಂದು ಪಾವು ಕೊಡಿಸ್ರಿ.”

ಉಪನ್ಯಾಸಕರು, “ಕೊಡಿಸ್ತೀವಮ್ಮ” ಎಂದರು. ಸರ್ಜನ್ ಬಳಿಗೆ ಹೇಳಲು ಅವರೇ ಹೊರಟರು. ಎಂದೂ ಅವಸರ ಮಾಡದ ಅವರು ಅಂದು ಟೋಪಿ ಮರೆತು ಹೋದರು.

ಮರುದಿನ ನಾನು ಕಣ್ಣು ಬಿಟ್ಟಾಗ ಬಿಸಿಲು ಹಾಸಿಗೆಯ ಮೇಲೆ ಬಂದಿತ್ತು. ಪಕ್ಕದ ಹಾಸಿಗೆ ಮಡಚಿ ಇಟ್ಟಿತ್ತು. ಎದ್ದು ಹಿತ್ತಲಿಗೆ ಬಂದೆ. ಪರಂಗಿ ಗಿಡದಲ್ಲಿ ಹೊಸ ಎಲೆಗಳು ಬಂದಿದ್ದವು. ಲೋಕಿಕೆರೆಯವನು ನಲ್ಲಿಯ ಬಳಿ ಬೇವಿನ ಕಡ್ಡಿ ಹಿಡಿದು ನಿಂತಿದ್ದ.

“ಬೆಳಗಿನ ಪಾಳಿ ಕೂಗು ಆತೇನೋ?” ಎಂದು ಕೇಳಿದೆ.

ಅವನು ಬಾಯಿ ತುಂಬ ನೀರು ತುಂಬಿಕೊಂಡಿದ್ದ. ಕಟ್ಟೆಯ ಮೇಲೆ ಬಗ್ಗಿ, ಸದ್ದಾಗುವಂತೆ ಉಗುಳಿ, “ಯಾವಾಗ್ಲೋ ಆತು ಸಾ” ಎಂದ.